ಥ್ರಿಲ್ಲರ್‌ನ ಮೊದಲ ಎರಡು ನಿಮಿಷ ಮತ್ತು ಪಾಂಡವಪುರದ ಒಂದು ಕಬ್ಬಿನ ಗದ್ದೆ

ಇನ್ನೂ ತೆಗೆಯದ ಒಂದು ಥ್ರಿಲ್ಲರ್ ಚಿತ್ರದ ಆರಂಭದ ಎರಡು ನಿಮಿಷವನ್ನಷ್ಟೇ, ಕಲಾವಿದರು ಮತ್ತು ತಂತ್ರಜ್ಞರ ಹೆಸರುಗಳ ಸಮೇತ, ತಯಾರಿಸಿ ಒಪ್ಪಿಸಬೇಕೆಂಬುದು ಮೈಸೂರಿನಲ್ಲಿ ಮಾಧ್ಯಮ ಅಧ್ಯಯನ ಮಾಡುತ್ತಿರುವ ನಮ್ಮ ತರಗತಿಗೆ ಈ ಸಲ ಕೊಟ್ಟ ಪ್ರಾಯೋಗಿಕ ಕೆಲಸ. ನಮ್ಮ ತಂಡ ಅದನ್ನು ಪಾಂಡವಪುರ ತಾಲ್ಲೂಕಿನ ಒಂದು ಕಬ್ಬಿನ ಗದ್ದೆಯಲ್ಲಿ ಚಿತ್ರೀಕರಿಸಿತು. ಆ ಕೆಲಸ ಮಾಡುತ್ತಾ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯವೊಂದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಥ್ರಿಲ್ಲರ್‌ನ ಆರಂಭದಲ್ಲಿ ಪ್ರೇಕ್ಷಕರಿಂದ ಏನನ್ನು ಮುಚ್ಚಿಡಬೇಕು ಎಂದು ಲೆಕ್ಕ ಹಾಕುವ ಮೊದಲು ಅವರಿಗೆ ಏನನ್ನು ತಿಳಿಸಬೇಕು ಎಂದು ತೀರ್ಮಾನಿಸಬೇಕು, ಹಾಗೆ ತಿಳಿಸಲು ಬೇಕಾದ ಸಾಮಗ್ರಿ ನಾವು ಕ್ಯಾಮೆರಾ ಇಡುವ ಊರಿನ ದಿನನಿತ್ಯದ ದುಡಿಮೆಯಲ್ಲೇ ಸಿಗುತ್ತದೆ.

ವಿದ್ಯಾರ್ಥಿಗಳು ತೆಗೆಯುವ ಇಂತಹ ತುಣುಕುಗಳನ್ನು ಸಾಕಷ್ಟು ನೋಡಿದ್ದೇನೆ. ಕತ್ತಲೆಯ ಕಾರಿಡಾರು, ಮುಖ ಕಾಣದ ವ್ಯಕ್ತಿ, ಕೈಗವಸು, ಗೋಡೆಗೆ ಅಂಟಿಸಿದ ಛಾಯಾಚಿತ್ರಗಳು, ಅವುಗಳ ನಡುವೆ ಎಳೆದ ಕೆಂಪು ದಾರ, ಇವೆಲ್ಲದರ ಕೆಳಗೆ ನಿಲ್ಲದೆ ಗುನುಗುವ ಹಿನ್ನೆಲೆ ಸಂಗೀತ. ಇವುಗಳನ್ನು ತೆಗೆದವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಯಾರಿಗೆ ಅಪಾಯ, ಯಾವ ಅಪಾಯ, ಅದು ಎಷ್ಟು ಹತ್ತಿರದಲ್ಲಿದೆ ಎಂಬ ಮೂರು ಸಂಗತಿಗಳಲ್ಲಿ ಒಂದೂ ಗೊತ್ತಿಲ್ಲದ ಪ್ರೇಕ್ಷಕರಿಗೆ ಆತಂಕ ಹುಟ್ಟಲು ಕಾರಣವೇ ಇರುವುದಿಲ್ಲ. ಅವರು ಕತ್ತಲೆಯನ್ನು ನೋಡುತ್ತಾರೆ, ಮುಂದೇನಾಗುತ್ತದೋ ಎಂದು ಸ್ವಲ್ಪ ಹೊತ್ತು ಕಾಯುತ್ತಾರೆ, ಅಷ್ಟೇ.

ಆಲ್ಫ್ರೆಡ್ ಹಿಚ್‌ಕಾಕ್ ಈ ಮಾತನ್ನು ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ಅವರೊಂದಿಗಿನ ಪ್ರಸಿದ್ಧ ಸಂದರ್ಶನದಲ್ಲಿ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟು ವಿವರಿಸಿದ್ದಾರೆ. ಬಾಂಬು ಇರುವುದು ಗೊತ್ತಿಲ್ಲದೆ ಅದು ಸಿಡಿದರೆ ಪ್ರೇಕ್ಷಕರಿಗೆ ಹದಿನೈದು ಸೆಕೆಂಡಿನ ಬೆರಗು ಸಿಗುತ್ತದೆ. ಬಾಂಬು ಇಟ್ಟದ್ದನ್ನು ಅವರಿಗೆ ಮೊದಲೇ ತೋರಿಸಿದರೆ, ಮೇಜಿನ ಸುತ್ತ ಕುಳಿತವರ ಸಾಧಾರಣ ಹರಟೆಯೇ ಹದಿನೈದು ನಿಮಿಷದ ಕಾತರವಾಗುತ್ತದೆ. 1958ರಲ್ಲಿ ಆರ್ಸನ್ ವೆಲ್ಸ್ ‘ಟಚ್ ಆಫ್ ಈವಿಲ್’ ಚಿತ್ರದ ಆರಂಭದಲ್ಲೇ ಇಂತಹದೊಂದನ್ನು ಮಾಡಿ ತೋರಿಸಿದ್ದರು. ಕಾರಿನ ಡಿಕ್ಕಿಯಲ್ಲಿ ಬಾಂಬು ಇಡುವುದನ್ನು ತೋರಿಸಿ, ಆ ಕಾರು ಗಡಿಯೂರಿನ ಬೀದಿಗಳಲ್ಲಿ ಜನರ ನಡುವೆ ನಿಧಾನವಾಗಿ ಸಾಗುವುದನ್ನು ಮೂರು ನಿಮಿಷಕ್ಕೂ ಹೆಚ್ಚು ಕಾಲ ಎಲ್ಲಿಯೂ ಕತ್ತರಿಸದೆ ಒಂದೇ ಷಾಟಿನಲ್ಲಿ ಹಿಂಬಾಲಿಸುತ್ತಾರೆ. ನಾವು ಆ ಬಾಂಬನ್ನೂ ಆ ಕಾರನ್ನೂ ನಕಲು ಮಾಡುವ ಅಗತ್ಯವಿಲ್ಲ. ನಮ್ಮ ಊರಿನಲ್ಲಿ ಆ ಬಾಂಬಿನ ಜಾಗದಲ್ಲಿ ಏನಿದೆ ಎಂದು ಹುಡುಕಬೇಕು.

ನಮಗೆ ಅದು ಪಂಪ್‌ಸೆಟ್‌ನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಸಿಕ್ಕಿತು. ಹಳ್ಳಿಗಳಲ್ಲಿ ತ್ರೀ ಫೇಸ್ ಕರೆಂಟು ಹಲವು ಸಲ ರಾತ್ರಿ ಪಾಳಿಯಲ್ಲೇ ಬರುವುದರಿಂದ ಗದ್ದೆಗೆ ನೀರು ಹಾಯಿಸುವ ರೈತರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಏಳುವುದು ಅಭ್ಯಾಸವಾಗಿಹೋಗಿದೆ. ಕರೆಂಟು ಬಂದ ಕೂಡಲೇ ತಾನಾಗಿಯೇ ಮೋಟಾರು ಚಾಲೂ ಮಾಡುವ ಆಟೋ ಸ್ಟಾರ್ಟರ್ ಅನ್ನು ಬಹಳ ಜನ ಹಾಕಿಸಿಕೊಂಡಿದ್ದಾರೆ. ಸ್ಟಾರ್ಟರ್‌ನ ಪಕ್ಕದಲ್ಲಿ ಮೂರು ಬಿಳಿಯ ಪಿಂಗಾಣಿ ಫ್ಯೂಸುಗಳಿರುತ್ತವೆ. ಅವುಗಳಲ್ಲಿ ಒಂದನ್ನು ಕಿತ್ತಿಟ್ಟರೆ, ಉಳಿದ ಎರಡು ಫೇಸಿನಲ್ಲಿ ಮೋಟಾರು ಹೊರಡಲಾರದೆ ನಿಂತಲ್ಲೇ ಗುಂಯ್‌ಗುಡುತ್ತದೆ. ರಕ್ಷಣೆಯ ವ್ಯವಸ್ಥೆ ಕೆಟ್ಟಿರುವ ಹಳೆಯ ಸ್ಟಾರ್ಟರ್ ಆದರೆ, ಹಾಗೆಯೇ ಬಿಟ್ಟಲ್ಲಿ ಕಾಯಿಲು ಸುಟ್ಟುಹೋಗುತ್ತದೆ. ಮತ್ತೆ ಕಾಯಿಲು ಕಟ್ಟಿಸುವುದೆಂದರೆ ಸಾವಿರಾರು ರೂಪಾಯಿಯ ಖರ್ಚು, ಅಷ್ಟು ದಿನ ಗದ್ದೆಗೆ ನೀರಿಲ್ಲ. ನಮ್ಮ ತುಣುಕಿನ ಮೊದಲ ಷಾಟಿನಲ್ಲಿ ಒಂದು ಕೈ ಪೆಟ್ಟಿಗೆ ತೆರೆದು, ಮೂರು ಫ್ಯೂಸುಗಳಲ್ಲಿ ನಡುವಿನದನ್ನು ಆತುರವಿಲ್ಲದೆ ಕಿತ್ತು, ಪಕ್ಕದ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸುತ್ತದೆ. ಆಮೇಲೆ ಕರೆಂಟು ಬರುತ್ತದೆ, ಮೋಟಾರು ಗುಂಯ್‌ಗುಡುತ್ತದೆ, ದೂರದ ಮನೆಯಲ್ಲಿ ಒಬ್ಬ ರೈತ ಆ ಸದ್ದನ್ನು ಕೇಳಿ ಎದ್ದು ಕೂರುತ್ತಾನೆ. ಅಲ್ಲಿಂದ ಮುಂದೆ ಅವನು ಇಡುವ ಪ್ರತಿ ಹೆಜ್ಜೆಯೂ ಯಾರೋ ಕಾದು ಕುಳಿತಿರುವ ಜಾಗದ ಕಡೆಗೇ ಹೋಗುತ್ತದೆ. ಅದು ಪ್ರೇಕ್ಷಕರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಮೋಟಾರು ಸುಡುವುದರೊಳಗೆ ತಲುಪಬೇಕು ಎಂಬುದೊಂದೇ ಆದ್ದರಿಂದ ಅವನು ಓಡುತ್ತಾನೆ.

ಈಗ ಮೊಬೈಲಿನಿಂದಲೇ ಮೋಟಾರು ಆಫ್ ಮಾಡುವ ಸಾಧನಗಳು ಬಂದಿರುವಾಗ ಆತ ಓಡುವುದೇಕೆ ಎಂದು ತಂಡದಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಅಂತಹ ಸಾಧನ ಎಲ್ಲರ ಬಳಿ ಇಲ್ಲ, ಇದ್ದವರೂ ಮೋಟಾರಿನ ಸದ್ದು ಬದಲಾದರೆ ಎದ್ದು ಹೋಗಿ ಕಣ್ಣಾರೆ ನೋಡದೆ ಇರುವುದಿಲ್ಲ.

ಗದ್ದೆ ನಮ್ಮ ಸಹಪಾಠಿಯೊಬ್ಬನ ದೊಡ್ಡಪ್ಪನವರದು. ಲೈನು ಪೂರ್ತಿ ಆಫ್ ಮಾಡಿಸಿದ ಮೇಲೆ ಫ್ಯೂಸು ಹೇಗೆ ಕೀಳುತ್ತಾರೆ, ಹೇಗೆ ಹಾಕುತ್ತಾರೆ ಎಂಬುದನ್ನು ನಟನಿಗೆ ಅವರೇ ಹೇಳಿಕೊಟ್ಟರು. ಅಭ್ಯಾಸದ ಸಮಯದಲ್ಲಿ ನಟ ಬ್ಯಾಟರಿಯನ್ನು ಎದೆಯ ಮಟ್ಟಕ್ಕೆ ಹಿಡಿದು ಕಬ್ಬಿನ ಮೇಲೆಲ್ಲ ಬೆಳಕು ಹಾಯಿಸುತ್ತಾ ನಡೆಯುತ್ತಿದ್ದ. ಅದನ್ನು ಕಂಡು ಅವರು, “ಬ್ಯಾಟ್ರಿನ ಹಂಗೆ ಮೇಲ್ಕೆ ಯಾರ್ ಬುಡ್ತಾರವ್ವ, ಕಾಲ್ ಮುಂದ್ಕೆ ಬುಟ್ಕಂಡ್ ಹೋಯ್ತೀವಿ, ಬದಿನ್ ಮೇಲೆ ಹುಳ ಹುಪ್ಪಟೆ ಇರ್ತವೆ ಕಣವ್ವ” ಎಂದರು. ಹಾವಿನ ಭಯದಿಂದ ರೈತ ಬೆಳಕನ್ನು ತನ್ನ ಪಾದದ ಮುಂದಿನ ಎರಡು ಅಡಿ ನೆಲಕ್ಕಷ್ಟೇ ಬಿಡುತ್ತಾನೆ, ಕಾಲನ್ನು ಸದ್ದಾಗುವಂತೆ ಊರುತ್ತಾನೆ. ಆ ಒಂದು ಮಾತು ನಮ್ಮ ಇಡೀ ದೃಶ್ಯದ ಬೆಳಕನ್ನು ನಿರ್ಧರಿಸಿತು. ಮೊಣಕಾಲಿನ ಕೆಳಗೆ ಹಳದಿ ಬೆಳಕು, ಬದು, ತೇವದ ಮಣ್ಣು, ಒಣಗಿ ಬಿದ್ದ ಸೋಗೆ. ಮೊಣಕಾಲಿನ ಮೇಲೆ ಏನೂ ಕಾಣಿಸದ ಕತ್ತಲೆ. ಕ್ಯಾಮೆರಾವನ್ನು ಆಳೆತ್ತರದಲ್ಲಿ ಕಬ್ಬಿನ ಸಾಲಿನೊಳಗೆ ಇಟ್ಟು, ಆ ಬೆಳಕು ಕೆಳಗೆ ಹಾದುಹೋಗುವುದನ್ನು ಮೇಲಿನಿಂದ ನೋಡುವಂತೆ ಮಾಡಿದೆವು. ಭಯಪಡಿಸಲೆಂದು ನಾವಾಗಿ ಕತ್ತಲೆಯನ್ನು ಸುರಿಯಬೇಕಾಗಲಿಲ್ಲ. ರೈತನ ಎಚ್ಚರಿಕೆಯಿಂದಲೇ ಅದು ಉಂಟಾಗಿತ್ತು.

ಸ್ಥಳೀಯ ಪ್ರೇಕ್ಷಕರ ಬಗ್ಗೆ ಇನ್ನೊಂದು ವಿಷಯವನ್ನೂ ಯೋಚಿಸಬೇಕಾಯಿತು. ಆಳುದ್ದವನ್ನು ಮೀರಿ ಬೆಳೆದ ಕಬ್ಬಿನಲ್ಲಿ ಸದ್ದಾದರೆ ಮಂಡ್ಯ, ಮೈಸೂರು ಕಡೆಯ ಜನರ ಮನಸ್ಸಿಗೆ ಮೊದಲು ಬರುವುದು ಚಿರತೆ. ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಮರಿ ಹಾಕುವುದು, ಕಟಾವಿನ ಹೊತ್ತಿಗೆ ಕೂಲಿಯವರ ಕಣ್ಣಿಗೆ ಬೀಳುವುದು ಇಲ್ಲಿ ನಿಜವಾಗಿ ನಡೆಯುತ್ತಿರುವ ಸಂಗತಿಗಳು. ಫ್ಯೂಸು ಕೀಳುವ ಕೈಯನ್ನು ಮೊದಲೇ ತೋರಿಸದಿದ್ದರೆ ನಮ್ಮ ತುಣುಕು ಇಲ್ಲಿನವರಿಗೆ ಕಾಡುಪ್ರಾಣಿಯ ಕಥೆಯಾಗಿಬಿಡುತ್ತಿತ್ತು. ಒಂದು ಊರಿನ ಜನ ಯಾವುದಕ್ಕೆ ಹೆದರುತ್ತಾರೆ ಎಂದು ತಿಳಿಯದೆ ಆ ಊರಿನಲ್ಲಿ ಥ್ರಿಲ್ಲರ್ ತೆಗೆಯಲಾಗದು ಎಂದು ನಾನು ಹೇಳುವುದು ಇದಕ್ಕಾಗಿ.

ಧ್ವನಿಯ ವಿಚಾರದಲ್ಲಿ ನಾನು ಹಟ ಹಿಡಿದೆ ಎಂದೇ ಹೇಳಬೇಕು. ಹಿನ್ನೆಲೆ ಸಂಗೀತ ಬೇಡವೆಂದೆ. ರಾತ್ರಿ ಗದ್ದೆಯಲ್ಲಿ ಜೀರುಂಡೆಗಳ ಸದ್ದು ಎಡೆಬಿಡದೆ ಇರುತ್ತದೆ, ಆದರೆ ಮನುಷ್ಯ ಹತ್ತಿರ ಹೋದರೆ ಆ ಜಾಗದ ಜೀರುಂಡೆಗಳು ಸುಮ್ಮನಾಗುತ್ತವೆ, ಅವನು ದಾಟಿ ಹೋದ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುಮಾಡುತ್ತವೆ. ರೈತ ನಡೆದಂತೆಲ್ಲ ಅವನ ಸುತ್ತಲಿನ ಸದ್ದು ಅಡಗಿ ಹಿಂದೆ ಮತ್ತೆ ತುಂಬಿಕೊಳ್ಳುವಂತೆ ಧ್ವನಿಪಥವನ್ನು ಕೂಡಿಸಿದೆವು. ಆಮೇಲೆ ಅವನು ಇನ್ನೂ ತಲುಪದ ಒಂದು ಜಾಗದಲ್ಲಿ, ಬಲಗಡೆಯ ಸ್ಪೀಕರಿನಲ್ಲಿ ಮಾತ್ರ, ಸದ್ದು ನಿಲ್ಲುತ್ತದೆ. ಇದನ್ನು ಎಷ್ಟು ಜನ ಪ್ರಜ್ಞಾಪೂರ್ವಕವಾಗಿ ಗಮನಿಸುತ್ತಾರೋ ತಿಳಿಯದು, ಆದರೆ ತರಗತಿಯಲ್ಲಿ ತೋರಿಸಿದಾಗ ಆ ಕ್ಷಣದಲ್ಲಿ ಕೆಲವರ ತಲೆ ಬಲಕ್ಕೆ ತಿರುಗಿದ್ದನ್ನು ನಾನು ನೋಡಿದೆ. ತಾಂತ್ರಿಕವಾಗಿ ಉಪಯೋಗವಾಗಬಹುದಾದ ಒಂದು ಮಾತು: ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ, ಅಗ್ಗದ ಎಲ್‌ಇಡಿ ಬಲ್ಬುಗಳ ಕೆಳಗೆ ಚಿತ್ರೀಕರಿಸುವವರು ಶಟರ್ ವೇಗವನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಟ್ಟುಕೊಂಡರೆ ಚಿತ್ರ ಮಿಣುಕುವುದು ಬಹುಮಟ್ಟಿಗೆ ತಪ್ಪುತ್ತದೆ.

ಕಬ್ಬಿನ ಗದ್ದೆಯನ್ನು ಆರಿಸುವ ಮುನ್ನ ನಮ್ಮ ಮುಂದೆ ಇನ್ನೊಂದು ಸಲಹೆ ಇತ್ತು. ರಾತ್ರಿ ವೇಳೆ ಒಂದು ವಾಹನ ವಿಶ್ವೇಶ್ವರಯ್ಯ ನಾಲೆಗೆ ಉರುಳುವುದರಿಂದ ಆರಂಭಿಸೋಣ ಎಂಬುದು. ದೃಶ್ಯವಾಗಿ ಅದು ಪ್ರಬಲವಾಗಿರುತ್ತಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೂ ಅದನ್ನು ಬಲವಾಗಿ ವಿರೋಧಿಸಿದೆ. 2018ರ ನವೆಂಬರ್ 24ರಂದು ಇದೇ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಈ ನಾಲೆಗೆ ಉರುಳಿ 30 ಜನ ತೀರಿಕೊಂಡರು, ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದರ ನಂತರವೂ ನಾಲೆಗೆ ವಾಹನಗಳು ಬಿದ್ದ ಸುದ್ದಿಯನ್ನು ನಾವು ಓದುತ್ತಲೇ ಬಂದಿದ್ದೇವೆ. ಆ ನೀರಿನಲ್ಲಿ ತಮ್ಮವರನ್ನು ಕಳೆದುಕೊಂಡವರು ಇರುವ ಊರುಗಳ ನಡುವೆ ನಿಂತು, ಅದೇ ನಾಲೆಯ ಏರಿಯ ಮೇಲೆ, ಅಂಕಕ್ಕಾಗಿ ಅದೇ ದೃಶ್ಯವನ್ನು ರೋಮಾಂಚನವೆಂದು ಕಟ್ಟಿಕೊಡುವುದು ನನ್ನಿಂದ ಆಗದು. ಸಾವನ್ನು ತೋರಿಸಲೇಬಾರದು ಎಂದು ನಾನು ವಾದಿಸುತ್ತಿಲ್ಲ. ತಡೆಗೋಡೆಯಿಲ್ಲದ ಏರಿ, ಅಲ್ಲಿ ನಡೆದ ದುರಂತ, ಅದರ ಹೊಣೆ ಇವುಗಳ ಬಗ್ಗೆಯೇ ಒಂದು ಚಿತ್ರ ತೆಗೆಯುವುದಾದರೆ ಆ ದೃಶ್ಯಕ್ಕೆ ಅಲ್ಲಿ ಜಾಗವಿದೆ. ಎರಡು ನಿಮಿಷದ ಆರಂಭಕ್ಕೆ, ಮುಂದೆ ಕಥೆಯೇ ಇಲ್ಲದ ತುಣುಕಿಗೆ, ಆ ಹಕ್ಕು ಇಲ್ಲ ಎಂಬುದು ನನ್ನ ನಂಬಿಕೆ. ಊರಿನ ಭಯವನ್ನು ತಿಳಿದುಕೊಳ್ಳಬೇಕು ಎಂದಾಗ ಅದರಲ್ಲಿ ಯಾವುದನ್ನು ಮುಟ್ಟಬಾರದು ಎಂಬ ತಿಳಿವಳಿಕೆಯೂ ಸೇರಿದೆ.

ಹೆಸರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಚಿತ್ರಮಂದಿರಗಳಲ್ಲಿ ಕಥೆ ಶುರುವಾಗುವ ಮೊದಲು ಸೆನ್ಸಾರ್ ಪ್ರಮಾಣಪತ್ರ, ಧೂಮಪಾನದ ದೃಶ್ಯಗಳಿದ್ದರೆ ತಂಬಾಕಿನ ಎಚ್ಚರಿಕೆಯ ತುಣುಕು, ದೇವರ ಚಿತ್ರ, ಕೃತಜ್ಞತೆಯ ಉದ್ದನೆಯ ಪಟ್ಟಿ ಎಲ್ಲವೂ ಬಂದುಹೋಗಿರುತ್ತವೆ. ಅದನ್ನೆಲ್ಲ ನೋಡಿ ಗಮನ ಚದುರಿರುವ ಪ್ರೇಕ್ಷಕರನ್ನು ಹಿಡಿದು ಕೂರಿಸುವ ಜವಾಬ್ದಾರಿ ಮೊದಲ ಷಾಟಿನದು. ಹಾಗಾಗಿ ಫ್ಯೂಸಿನ ಷಾಟಿನ ಮೇಲೆ ಯಾವ ಹೆಸರನ್ನೂ ಹಾಕದೆ, ರೈತ ನಡೆಯಲು ಶುರುಮಾಡಿದ ಮೇಲೆಯೇ ಬ್ಯಾಟರಿಯ ಬೆಳಕು ಬೀಳದ ಮೇಲ್ಭಾಗದ ಕತ್ತಲೆಯಲ್ಲಿ ಒಂದೊಂದಾಗಿ ಬರುವಂತೆ ಮಾಡಿದೆವು.

ಒರಟಾಗಿ ಜೋಡಿಸಿದ ಆವೃತ್ತಿಯನ್ನು ಗದ್ದೆಯ ಯಜಮಾನರಿಗೆ ಮೊಬೈಲಿನಲ್ಲೇ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಮೋಟ್ರು ಉಳೀತಾ?” ಎಂಬುದು. ಕಬ್ಬಿನೊಳಗೆ ಇದ್ದವನು ಯಾರು ಎಂದು ಆಮೇಲೆ ಕೇಳಿದರು. ಮೋಟಾರಿನ ಚಿಂತೆ ಹಿಡಿದವರಿಗೆ ಅದರ ಯಜಮಾನನ ಚಿಂತೆಯೂ ಹಿಡಿಯುತ್ತದೆ ಎಂದು ನಾನು ನಂಬಿದ್ದೇನೆ, ಆದ್ದರಿಂದಲೇ ಫ್ಯೂಸಿನ ಷಾಟನ್ನು ಚಿಕ್ಕದು ಮಾಡಲು ಒಪ್ಪುತ್ತಿಲ್ಲ. ಅದು ನಿಧಾನವಾಯಿತು, ಅರ್ಧಕ್ಕೆ ಕತ್ತರಿಸಿದರೂ ವಿಷಯ ತಿಳಿಯುತ್ತದೆ ಎಂದು ತಂಡದ ಇಬ್ಬರು ಹೇಳುತ್ತಿದ್ದಾರೆ. ಕಿತ್ತ ಫ್ಯೂಸನ್ನು ಎಸೆಯದೆ ಗೂಡಿನಲ್ಲಿ ಜೋಪಾನವಾಗಿ ನಿಲ್ಲಿಸುವ ಆ ಚಲನೆ ಪೂರ್ತಿ ಕಂಡರೆ ಮಾತ್ರ, ಇದನ್ನು ಮಾಡಿದವನಿಗೂ ಪಂಪ್‌ಸೆಟ್ಟಿನ ಕೆಲಸ ಚೆನ್ನಾಗಿ ಗೊತ್ತು, ಅವನು ಇದೇ ಊರಿನವನೇ ಇರಬೇಕು ಎಂಬುದು ಪ್ರೇಕ್ಷಕರಿಗೆ ಹೊಳೆಯುತ್ತದೆ ಎಂದು ನಾನು ಹೇಳುತ್ತಿದ್ದೇನೆ. ಒಪ್ಪಿಸುವ ದಿನದೊಳಗೆ ಈ ಚರ್ಚೆ ಮುಗಿಯಬೇಕಿದೆ; ಸಂಕಲನದ ಅನುಭವ ಇರುವವರು ತಮ್ಮ ಅಭಿಪ್ರಾಯ ತಿಳಿಸಿದರೆ ತಂಡದ ಮುಂದೆ ಇಡುತ್ತೇನೆ.