ಕೆಲಸ ಇದ್ದವರು ಮಾತ್ರ ಕೆಲಸ ಕೇಳಿರಿ

ಬಳ್ಳಾರಿಯಲ್ಲಿ ಕಂಟೋನ್ಮೆಂಟ್ ಇದೆ, ಆ ಹೆಸರಿನ ರೈಲು ನಿಲ್ದಾಣವೂ ಇದೆ. ಬ್ರಿಟಿಷರ ದಂಡು ಎಂದೋ ಗಂಟುಮೂಟೆ ಕಟ್ಟಿತು. ಫಲಕ ಮಾತ್ರ ಇಂದಿಗೂ ಕರ್ತವ್ಯದ ಮೇಲಿದೆ. ಸೈನಿಕರಿಲ್ಲದೆ ದಂಡು ನಡೆಸುವ ವಿದ್ಯೆ ನಮಗೆ ಹಳೆಯದು. ಹಾಗಾಗಿ ಪ್ರಾದೇಶಿಕ ಸೇನೆಗೆ (ಟೆರಿಟೋರಿಯಲ್ ಆರ್ಮಿಗೆ) ಅಧಿಕಾರಿಗಳೂ ಸಾಲದು, ಜವಾನರೂ ಸಾಲದು ಎಂಬ ಮಾತಿಗೆ ಇಲ್ಲಿ ಯಾರೂ ಗಾಬರಿಯಾಗಲಿಲ್ಲ.

1949ರ ಅಕ್ಟೋಬರ್ 9ರಂದು ರಾಜಾಜಿಯವರು ಉದ್ಘಾಟಿಸಿದ ಪಡೆ ಇದು. ಹೊಟ್ಟೆಪಾಡಿನ ಕೆಲಸ ಬಿಡದೆಯೇ ವರ್ಷದಲ್ಲಿ ಎರಡು ತಿಂಗಳು ಸಮವಸ್ತ್ರ ತೊಡುವ ನಾಗರಿಕರದು. ಅಧಿಕಾರಿಯಾಗಲು ಪದವಿ ಬೇಕು, ವಯಸ್ಸು 18ರಿಂದ 42ರ ಒಳಗಿರಬೇಕು, ಮೇಲಾಗಿ ಕೈಯಲ್ಲಿ ಸಂಪಾದನೆಯ ಉದ್ಯೋಗ ಇರಬೇಕು. ಕೆಲಸವಿಲ್ಲದವನಿಗೆ ಅರ್ಹತೆಯಿಲ್ಲ, ಕೆಲಸವಿದ್ದವನಿಗೆ ರಜೆಯಿಲ್ಲ. ಈ ಎರಡರ ನಡುವಿನ ಸಂದಿಯಲ್ಲಿ ತೂರಿಬರುವ ವೀರನಿಗಾಗಿ ದೇಶ ಕಾಯುತ್ತಿದೆ.

ಅಷ್ಟೊಂದು ಕೊರತೆಯಿದ್ದರೆ ಬಾಗಿಲನ್ನಾದರೂ ಅಗಲವಾಗಿ ತೆರೆಯಬೇಕಲ್ಲ? 2023ರಲ್ಲಿ ಇಡೀ ದೇಶಕ್ಕೆ ಕರೆದ ಅಧಿಕಾರಿ ಹುದ್ದೆಗಳು 19. ಅದರಲ್ಲಿ ಗಂಡಸರಿಗೆ 18, ಹೆಂಗಸರಿಗೆ ಒಂದು. ನಮ್ಮೂರ ಮದುವೆಯಲ್ಲಿ ಅನ್ನ ಸಾರು ಬಡಿಸುವವರೇ ಇದಕ್ಕಿಂತ ಹೆಚ್ಚಿರುತ್ತಾರೆ.

ಈ ಸೇನೆಯ ಗೌರವ ದರ್ಜೆಗೆ ಮಾತ್ರ ಬರ ಬಂದಿಲ್ಲ. 2008ರಲ್ಲಿ ಕಪಿಲ್ ದೇವ್, 2009ರಲ್ಲಿ ಮೋಹನ್‌ಲಾಲ್, 2011ರಲ್ಲಿ ಧೋನಿ, 2025ರಲ್ಲಿ ನೀರಜ್ ಚೋಪ್ರಾ: ಎಲ್ಲರೂ ಲೆಫ್ಟಿನೆಂಟ್ ಕರ್ನಲ್‌ಗಳು. (ಧೋನಿ 2019ರಲ್ಲಿ ಕಾಶ್ಮೀರಕ್ಕೆ ಹೋಗಿ ಕಾವಲು ಕಾದದ್ದು ನಿಜ, ಅದನ್ನು ಒಪ್ಪಬೇಕು.) ಆಜ್ಞೆ ಕೊಡುವ ದರ್ಜೆಗೆ ಇಷ್ಟು ಜನ ಸಿಕ್ಕಿದ ಮೇಲೆ ಆಜ್ಞೆ ಪಾಲಿಸುವವರನ್ನು ಹುಡುಕಿದರಾಯಿತು.

ಅವರೇನು ಸಿಗದವರೇ? ಬೆಳಗಿನ ಜಾವ ಮುನ್ಸಿಪಲ್ ಮೈದಾನಕ್ಕೆ ಬನ್ನಿ. ಅಂಗಡಿ ಬೀಗ ತೆರೆಯುವ ಮೊದಲು 1.6 ಕಿಲೋಮೀಟರ್ ಓಡಿ ಮುಗಿಸುವ ಹುಡುಗರಿದ್ದಾರೆ. ಬೂಟಿನ ತುದಿ ಬಾಯಿ ಬಿಟ್ಟಿದೆ. ಜೀನ್ಸ್ ಹೊಲಿಯುವ ದಪ್ಪ ದಾರದಿಂದಲೇ ಅದನ್ನು ಹೊಲಿದುಕೊಂಡಿದ್ದಾರೆ. ಒಬ್ಬ ದರ್ಜಿಯ ಟೇಪು ಹಿಡಿದು ಇನ್ನೊಬ್ಬನ ಎದೆ ಅಳೆಯುತ್ತಾನೆ: ಸುಮ್ಮನಿದ್ದರೆ 77 ಸೆಂಟಿಮೀಟರ್, ಉಸಿರು ತುಂಬಿದರೆ 82 ಆಗಬೇಕು. 81ಕ್ಕೆ ನಿಂತವನು ಕಣ್ಣು ಕೆಂಪಾಗುವವರೆಗೆ ಉಸಿರು ಎಳೆಯುತ್ತಾನೆ. ಭರ್ತಿಯ ಸುದ್ದಿ ಬಂದರೆ ಇವರೆಲ್ಲ ಬೆಳಗಾವಿಗೆ ಹೊರಡುತ್ತಾರೆ. ಆಳಿಲ್ಲ ಎನ್ನುವ ಸೇನೆಯ ಬಾಗಿಲಲ್ಲಿ, ಬಂದ ಆಳುಗಳನ್ನು ಸಾಲಿನಲ್ಲಿ ನಿಲ್ಲಿಸುವುದೇ ಒಂದು ಯುದ್ಧ.

ಇನ್ನು ಕೆಲಸವಿದ್ದ ಭಾಗ್ಯವಂತನ ಕಥೆ. ಕರೆ ಬಂದಾಗ ಹೋದವನಿಗೆ ಮರಳಿದ ಮೇಲೆ ಅವನ ಕೆಲಸ ಕೊಡಬೇಕು ಎಂದು ಪ್ರಾದೇಶಿಕ ಸೇನೆಯ 1948ರ ಕಾಯ್ದೆಯೇ ಹೇಳುತ್ತದೆ. ಜೀನ್ಸ್ ಘಟಕವೊಂದರ ಪದವೀಧರ ಮೇಲ್ವಿಚಾರಕ ಈ ಧೈರ್ಯದಿಂದಲೇ ನಿರಾಕ್ಷೇಪಣಾ ಪತ್ರ ಕೇಳಲು ಹೋದ. ಸಾಹುಕಾರರು ದೇಶಭಕ್ತರು. ಪತ್ರಕ್ಕೆ ಸಹಿಯನ್ನೂ ಹಾಕಿದರು.

“ಹೋಗಿ ಬಾ ತಮ್ಮಾ, ದೇಶ ಮೊದಲು. ಯುದ್ಧ ಯಾವ ತಿಂಗಳು ಎಂಬುದನ್ನು ಮಾತ್ರ ದೀಪಾವಳಿಯ ಆರ್ಡರ್ ಹಿಡಿಯುವುದರೊಳಗೆ ಕೇಳಿ ಹೇಳು.”