ಮಣ್ಣಿಗೊಂದು ಕಾರ್ಡು, ಹೊಲಕ್ಕೊಂದು ಚಡ್ಡಿ

ಡಿಸೆಂಬರ್ 5 ಬಂತೆಂದರೆ ವಿಶ್ವ ಮಣ್ಣಿನ ದಿನ. ವೇದಿಕೆ, ಶಾಲು, ಭಾಷಣ, ಕೊನೆಗೆ ರೈತನ ಕೈಗೆ ಸರ್ಕಾರದ ಮಣ್ಣಿನ ಆರೋಗ್ಯ ಕಾರ್ಡು. 2015ರಲ್ಲಿ ಶುರುವಾದ ಈ ಕಾರ್ಡು 12 ಸಂಗತಿ ನೋಡುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್, ರಸಸಾರ, ಸಾವಯವ ಇಂಗಾಲ ಎಲ್ಲ ಉಂಟು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್‌ನಂಥ ವಿಷಲೋಹ ಇಲ್ಲ. ಎರೆಹುಳ ಬದುಕಿದೆಯೋ ಸತ್ತಿದೆಯೋ ಕೇಳುವ ಕಾಲಂ ಮೊದಲೇ ಇಲ್ಲ.

ಸತುವಿನದ್ದಂತೂ ಮಜಾ. 0.6 ಪಿಪಿಎಂಗಿಂತ (ಕೆಜಿ ಮಣ್ಣಿಗೆ ಇಷ್ಟು ಮಿಲಿಗ್ರಾಂ) ಕಡಿಮೆಯಿದ್ದರೆ 'ಕೊರತೆ', ಮೇಲಿದ್ದರೆ 'ಸಾಕಷ್ಟು'. ಎಷ್ಟು ಮೇಲೆ ಅಂತ ಕೇಳಬೇಡಿ. ಸತುವಿನಂಥ ಲೋಹದ ಲೇಪ ಹಚ್ಚುವ ಕಾರ್ಖಾನೆಯ ಪ್ಲೇಟಿಂಗ್ ತೊಟ್ಟಿ ತೊಳೆದ ನೀರು ಬೆಂಗಳೂರಿನ ವೃಷಭಾವತಿ ನದಿ ಸೇರಿ, ಬಿಡದಿ ಬಳಿಯ ಬೈರಮಂಗಲ ಕೆರೆಯ ನಾಲೆಯಿಂದ ಹೊಲಕ್ಕೆ ಹರಿದರೂ ಕಾರ್ಡು ಹೇಳುವುದು 'ಸಾಕಷ್ಟು' ಅಂತಲೇ. ಹಾಗಂತ ಸರ್ಕಾರಕ್ಕೆ ತಿಳಿಯದೆಂದಲ್ಲ. ನಗರದ ಕಸದಿಂದ ಮಾಡಿ ಮಾರುವ ಕಾಂಪೋಸ್ಟ್‌ನ ಕೆಜಿಗೆ ಕ್ಯಾಡ್ಮಿಯಂ 5, ಕ್ರೋಮಿಯಂ 50, ಸೀಸ 100 ಮಿಲಿಗ್ರಾಂ ದಾಟಬಾರದೆಂದು ಅದೇ ಬರೆದಿಟ್ಟಿದೆ. ಚೀಲಕ್ಕೆ ಕಾನೂನಿದೆ, ನಾಲೆಗೆ ಭಾಷಣವಿದೆ.

ಅಂದಹಾಗೆ ಈ ನದಿ ಹುಟ್ಟಿದ್ದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಂತೆ. ಕಡಲೆಕಾಯಿ ಹೊಲ ಮೇಯ್ದ ಬಸವನನ್ನು ಸಮಾಧಾನ ಮಾಡಲು ಪರಿಷೆ ಶುರುವಾಯಿತಂತೆ. ಬಸವ ಮೇಯ್ದರೆ ಬೆಳೆ ಮತ್ತೆ ಬರುತ್ತದೆ. ಲೋಹ ಸೇರಿದರೆ ಕಡಲೆಕಾಯಿ ಗಿಡದ ಬೇರುಗಂಟಿನಲ್ಲಿ ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾಗಳಿಗೇ ಪೆಟ್ಟು. ಇಂಗ್ಲೆಂಡಿನ ವೋಬರ್ನ್‌ನಲ್ಲಿ 1942ರಿಂದ 1961ರವರೆಗೆ ಚರಂಡಿ ಹೂಳು ಹಾಕಿದ ಹೊಲದಲ್ಲಿ, ನಿಲ್ಲಿಸಿ ಇಪ್ಪತ್ತು ವರ್ಷ ದಾಟಿದರೂ ಕ್ಲೋವರ್ ಎಂಬ ಮೇವಿನ ಗಿಡದ ಬೇರುಗಂಟುಗಳು ಕೆಲಸ ಮಾಡಲಿಲ್ಲ. ಲೋಹಕ್ಕೆ ಪರಿಷೆ ಮಾಡಿದರೂ ಅದು ಹೋಗುವುದಿಲ್ಲ.

ಇನ್ನು ರೈತನಿಗೆ ಉಪದೇಶ: 'ಕೊಯ್ದ ಬೆಳೆಯ ದಂಟು ಸುಡಬೇಡಿ, ಕೊಳೆಸಿ.' ಸರಿ ಸ್ವಾಮಿ. ಕೊಳೆಸುವ ಸೂಕ್ಷ್ಮಜೀವಿಗಳ ಡಿಕಂಪೋಸರ್ ಬಾಟಲಿ, 200 ಲೀಟರ್ ನೀರು, 2 ಕೆಜಿ ಬೆಲ್ಲ, ಒಂದು ವಾರ ಕಲಕಿ, ಸಿಂಪಡಿಸಿ. ನೀರು ಯಾವುದು? ಅದೇ ನಾಲೆಯದ್ದು. ಜೀವಾಮೃತಕ್ಕೆ ಬದುವಿನ ಒಂದು ಹಿಡಿ ಮಣ್ಣು ಬೇಕಂತೆ, ಸೂಕ್ಷ್ಮಜೀವಿಗಳ ಹೆಪ್ಪು. ಯಾವ ಬದು? ಅದೇ ನಾಲೆಯ ಪಕ್ಕದ್ದು.

ಜೋಳದ ದಂಟು ಮೊದಲು ಚೂರಾಗಬೇಕು. ಆ ಕೆಲಸ ಎರೆಹುಳ, ಜಿಗಿಹುಳ, ಮೈಟ್‌ನಂಥ ಮಣ್ಣಿನ ಸಣ್ಣ ಜೀವಿಗಳದ್ದು. ಅವು ಲೋಹದ ಮಣ್ಣಿನಿಂದ ಓಡುತ್ತವೆ, ಇಲ್ಲ ಸಾಯುತ್ತವೆ. ಉಳಿದ ಬೂಷ್ಟು, ಬ್ಯಾಕ್ಟೀರಿಯಾಗಳು ತಿಂದ ಇಂಗಾಲವನ್ನು ಜೀವ ಉಳಿಸಿಕೊಳ್ಳುವುದಕ್ಕೇ ಸುಡುತ್ತವೆ, ಬೆಳೆಯುವುದು ಕಡಿಮೆ. ನಾರು ಕರಗಿಸುವ ಕಿಣ್ವಗಳೂ ಮಂದ. ಮಣ್ಣು ಹುಳಿಯಾಗಿದ್ದರೆ ಕ್ಯಾಡ್ಮಿಯಂ, ಸತು ಇನ್ನೂ ಸಡಿಲವಾಗಿ ಜೀವಿಗಳಿಗೆ ತಗಲುತ್ತವೆ. ದಂಟು ಮೇಲೆಯೇ ಕೂರುತ್ತದೆ, ಅದರಲ್ಲಿನ ಸಾರಜನಕವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸುಣ್ಣ, ಕೊಟ್ಟಿಗೆ ಗೊಬ್ಬರ ಹಾಕಿದರೆ ಲೋಹ ಸ್ವಲ್ಪ ಕಟ್ಟಿಹಾಕಿದಂತಾಗುತ್ತದೆ, ಹೊರಗಂತೂ ಹೋಗುವುದಿಲ್ಲ. ಬೆಂಗಳೂರು ಫ್ಲಶ್ ಮಾಡಿ ಮರೆತದ್ದನ್ನು ಬಿಡದಿ ಕಡೆಯ ರೈತ ಹೊಲದಲ್ಲಿ ಇಟ್ಟುಕೊಳ್ಳಬೇಕು, ಮೇಲೆ ದಂಟು ಕೊಳೆಯಲಿಲ್ಲವೆಂದು ಬೈಗುಳವನ್ನೂ ತಿನ್ನಬೇಕು. ಸಾಕಾಗಿದೆ.

ಕಾರ್ಡಿಗಿಂತ ಚಡ್ಡಿ ಮೇಲು. ಕೆನಡಾದ ರೈತರು ಮಾಡುವ ಪರೀಕ್ಷೆ: ಬಿಳಿ ಹತ್ತಿ ಚಡ್ಡಿಯನ್ನು ಒಂದು ಗೇಣು ಆಳದಲ್ಲಿ ಹೂಳಿ, ಸೊಂಟದ ಪಟ್ಟಿ ಕಾಣುವಂತೆ ಬಿಟ್ಟು, ಎರಡು ತಿಂಗಳ ಮೇಲೆ ತೆಗೆಯಿರಿ. ಜೀವವಿರುವ ಮಣ್ಣಾದರೆ ಎಲಾಸ್ಟಿಕ್ ಮಾತ್ರ ಉಳಿದಿರುತ್ತದೆ. ಒಣ ಮಣ್ಣಿನಲ್ಲೂ ಕೊಳೆಯುವುದಿಲ್ಲ, ಆದ್ದರಿಂದ ನಾಲೆ ನೀರು ಕಾಣದ ಹೊಲದಲ್ಲಿ ಇನ್ನೊಂದು ಹೂತು, ಎರಡಕ್ಕೂ ಒಂದೇ ತೇವ ಕೊಡಿ. ನಾಲೆ ಹೊಲದ್ದು ಹೂತ ಹಾಗೇ ಎದ್ದು ಬಂದರೆ, ಒಗೆದು ಹಾಕಿಕೊಳ್ಳಬಹುದು. ಒಗೆಯುವ ನೀರು ಮಾತ್ರ ಮನೆಯಿಂದ ತನ್ನಿ.