ಕೌದಿಯ ಹೊಟ್ಟೆ

ಹತ್ತಿ ಸೀರೆಯ ಸರ್ವೀಸ್ ರೆಕಾರ್ಡ್ ತೆಗೆದು ನೋಡಿದರೆ ತುಂಬ ಹಿಂಬಡ್ತಿಗಳೇ. ಮೊದಲು ಹಬ್ಬ, ನೆಂಟರ ಮನೆ. ಬಣ್ಣ ಮಾಸಿದ ಮೇಲೆ ಅಡುಗೆಮನೆ. ಸೆರಗು ಹರಿದ ಮೇಲೆ ಮಗುವಿನ ಜೋಳಿಗೆ, ಸಂಡಿಗೆ ಒಣಹಾಕುವ ಹಾಸು, ಇಡ್ಲಿ ತಟ್ಟೆಯ ಬಟ್ಟೆ. ಆಮೇಲೆ ಮಸಿಬಟ್ಟೆ, ನೆಲ ಒರೆಸುವ ಬಟ್ಟೆ. ಕಡೆಗೆ ಒಂದು ಚೂರು ಬತ್ತಿಯಾಗಿ ದೇವರ ಮುಂದೆ ಉರಿದುಹೋಗುವುದು. ಈ ಇಳಿಜಾರಿನ ನಡುವೆ ಒಂದೇ ಒಂದು ಬಡ್ತಿಯ ಅವಕಾಶ ಇದೆ: ಕೌದಿ. ನಾಲ್ಕಾರು ಹಳೆ ಸೀರೆಗಳು ಒಂದರ ಮೇಲೊಂದು ಕೂತು, ಸೂಜಿಯ ಸಾವಿರಾರು ಚುಚ್ಚು ತಿಂದು, ಮತ್ತೆ ಎಷ್ಟೋ ವರ್ಷ ಮನೆಯವರನ್ನೆಲ್ಲ ಬೆಚ್ಚಗೆ ಮಲಗಿಸುತ್ತವೆ.

ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇದು ಕೌದಿ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಗೋಧಡಿ, ಬಿಹಾರದಲ್ಲಿ ಸುಜನಿ, ಬಂಗಾಳದಲ್ಲಿ ಕಾಂಥಾ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ತಾವು ಹೊಲಿಯುವ ಕೌದಿಗೆ ಕವಂದ್ ಎನ್ನುತ್ತಾರೆ. ಹಳೆ ಬಟ್ಟೆಯನ್ನು ಎಸೆಯಲು ಮನಸ್ಸು ಬಾರದ ಹೆಂಗಸರು ಎಲ್ಲ ಊರಲ್ಲೂ ಇದ್ದರು ಎನ್ನುವುದಕ್ಕೆ ಇಷ್ಟು ಹೆಸರು ಸಾಕು.

ಕೌದಿಗೆ ಸಿಕ್ಕದ್ದನ್ನೆಲ್ಲ ಹಾಕಬಹುದು ಎಂದುಕೊಂಡವರು ಒಂದು ಸಲ ಹೊಲಿದು ನೋಡಬೇಕು. ಮೊದಲ ಕೆಲಸ ಜಗ್ಗಿ ನೋಡುವುದು. ಬಟ್ಟೆಯನ್ನು ಎರಡು ಕೈಯ ಹೆಬ್ಬೆರಳು–ತೋರುಬೆರಳ ನಡುವೆ ಹಿಡಿದು ಮೊದಲು ಹಾಸಿನ ದಿಕ್ಕಿಗೆ (ಉದ್ದನೆಯ ಎಳೆ), ಆಮೇಲೆ ಹೊಕ್ಕಿನ ದಿಕ್ಕಿಗೆ (ಅಡ್ಡ ಎಳೆ) ಎಳೆಯಿರಿ. ಸದ್ದಿಲ್ಲದೆ ಬಿಟ್ಟುಕೊಂಡರೆ ಅದು ಬತ್ತಿಗೇ ಲಾಯಕ್ಕು. ಚುರ್ರೆಂದು ಪ್ರತಿಭಟಿಸಿ ಹರಿದರೆ ಒಳಪದರಕ್ಕೆ. ಜಗ್ಗಿದರೂ ಜಗ್ಗದಿದ್ದರೆ ಮೇಲು, ಕೆಳಗಿನ ಪದರಕ್ಕೆ. ಉಟ್ಟ ಸೀರೆ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಕೂರುವ ಕಡೆಯ ಭಾಗ ತೆಳ್ಳಗಾಗಿದ್ದರೆ ಒಳಗೆ ಸಿಕ್ಕಿಸಿದ ತುದಿ ಹೊಸದರಂತೆಯೇ ಇರುತ್ತದೆ. ಬೆಳಕಿಗೆ ಹಿಡಿದರೆ ಈ ಭೂಪಟ ಪೂರ್ತಿ ಕಾಣುತ್ತದೆ.

ಫಾಲ್ ಬಿಚ್ಚಬೇಕು, ಜರಿ ಅಂಚಿದ್ದರೆ ಕತ್ತರಿಸಿ ತೆಗೆಯಬೇಕು. ಜರಿ ಸೂಜಿಗೆ ಸಿಕ್ಕಿ ಎಳೆ ಕೀಳುತ್ತದೆ, ಮಲಗಿದವರ ಕೆನ್ನೆಗೆ ಚುಚ್ಚುತ್ತದೆ. ಗಂಜಿ ಹಾಕಿದ ಸೀರೆಯನ್ನು ಒಂದು ರಾತ್ರಿ ಬರಿ ನೀರಲ್ಲಿ ನೆನೆಸಿ ಒಗೆಯದಿದ್ದರೆ ಒಳಗೆ ಸೇರಿದ ಗಂಜಿಗೆ ಹುಳ, ಜಿರಲೆ ಬರುತ್ತವೆ. ಕೆಂಪು ಸೀರೆಯ ಒಂದು ಮೂಲೆ ನೆನೆಸಿ ಬಿಳಿ ಬಟ್ಟೆಗೆ ತಿಕ್ಕಿ ನೋಡಿ. ಬಣ್ಣ ಬಿಟ್ಟರೆ, ಬಿಡುವುದು ನಿಲ್ಲುವ ತನಕ ಒಗೆಯಿರಿ. ಇದೊಂದನ್ನು ಮರೆತರೆ ಮೊದಲ ಒಗೆತದಲ್ಲೇ ಇಡೀ ಕೌದಿ ಓಕುಳಿ.

ಅಳತೆಯ ಲೆಕ್ಕ ಸೀರೆಯಲ್ಲೇ ಅಡಗಿದೆ. ಐದೂವರೆ ಮೀಟರ್ ಸೀರೆಯನ್ನು ಉದ್ದಕ್ಕೆ 3 ಮಡಿಕೆ ಮಾಡಿದರೆ ಸುಮಾರು 6 ಅಡಿ ಉದ್ದ, 45 ಅಂಗುಲ ಅಗಲ, 3 ಪದರ. ಎರಡು ಸೀರೆಗೆ 6 ಪದರದ ಒಂಟಿ ಕೌದಿ ಸಿದ್ಧ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ಬಹುಶಃ ಇದನ್ನೇ ಹೊದ್ದಿರಬೇಕು. ಆರಡಿ ಆಳಿಗೆ ಒಂದೋ ತಲೆ ಹೊರಗೆ, ಇಲ್ಲವೇ ಪಾದ. ಜೋಡಿ ಕೌದಿ ಬೇಕಾದರೆ ಪ್ರತಿ ಸೀರೆಯನ್ನೂ ನಡುವೆ ಕತ್ತರಿಸಿ, ಎರಡು ತುಂಡನ್ನು ಅಂಚಿಗೆ ಅಂಚು ಕೂಡಿಸಬೇಕು: 9 ಅಡಿ ಉದ್ದ, ಏಳೂವರೆ ಅಡಿ ಅಗಲ. ಒಂದು ಸೀರೆಗೆ ಒಂದೇ ಪದರ ಆದ್ದರಿಂದ ಕನಿಷ್ಠ 4 ಸೀರೆ. ಕೂಡು ಹೊಲಿಗೆಗಳು ಒಂದರ ಮೇಲೊಂದು ಬರದಂತೆ ಪದರಗಳನ್ನು ಒಂದು ಗೇಣು ಅತ್ತಿತ್ತ ಸರಿಸಿ; ಇಲ್ಲದಿದ್ದರೆ ನಟ್ಟನಡುವೆ ಗದ್ದೆಯ ಬದು ಎದ್ದು, ರಾತ್ರಿಯೆಲ್ಲ ಬೆನ್ನಿಗೆ ಒತ್ತುತ್ತದೆ. ಆರಕ್ಕಿಂತ ಹೆಚ್ಚು ಪದರ ಬೇಡ. ಸೂಜಿ ಹೋದರೂ ಬೆರಳು ಉಳಿಯುವುದಿಲ್ಲ, ಒಗೆದರೆ ಎರಡು ದಿನಕ್ಕೂ ಒಣಗುವುದಿಲ್ಲ.

ಸೂಜಿ ಎರಡೂವರೆ ಅಂಗುಲದ್ದಿರಲಿ. ಗೋಣಿ ಹೊಲಿಯುವ ದಬ್ಬಣ ತಂದರೆ ಹಳೆ ಬಟ್ಟೆಯಲ್ಲಿ ತೂತು ಬಿದ್ದು, ಆ ತೂತೇ ಮುಂದೆ ಹರಿಯುತ್ತದೆ. ದಾರ ಹತ್ತಿಯದು, ಎರಡೆಳೆ. ಪಾಲಿಯೆಸ್ಟರ್ ದಾರ ಗಟ್ಟಿ ನಿಜ, ಅದರ ಗಟ್ಟಿತನವೇ ತೊಂದರೆ: ಸವೆದ ಹತ್ತಿಯನ್ನು ಗರಗಸದಂತೆ ಕೊಯ್ಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ಕೆಲಸ ದೊಡ್ಡದು. ಹಾಗಾಗಿ ದಾರ ಯಾವತ್ತೂ ಬಟ್ಟೆಗಿಂತ ಒಂದು ಕೈ ಕಡಿಮೆಯೇ ಇರಬೇಕು. ಒಂದು ಸಲಕ್ಕೆ ಒಂದೂವರೆ ಮೊಳಕ್ಕಿಂತ ಉದ್ದ ಪೋಣಿಸಬೇಡಿ. ಪದೇಪದೇ ಪೋಣಿಸುವ ಸೋಮಾರಿತನಕ್ಕೆ ಮಾರುದ್ದ ಎಳೆದುಕೊಂಡವರು ಅರ್ಧ ಹೊತ್ತು ಗಂಟು ಬಿಡಿಸುತ್ತ ಕೂರುತ್ತಾರೆ. ಜೇನುಮೇಣಕ್ಕೆ ಒಮ್ಮೆ ಎಳೆದರೆ ದಾರ ಹುರಿ ಬಿಚ್ಚದೆ ಸಲೀಸಾಗಿ ಓಡುತ್ತದೆ. ಮೇಣದ ಬತ್ತಿಯಾದರೂ ನಡೆದೀತು.

ಈಗ ಹಾಸುವುದು. ಕೆಳಗಿನ ಪದರ ಹರಡಿ, ನಾಲ್ಕು ಮೂಲೆಗೆ ಸೇರು, ಗುಂಡುಕಲ್ಲು, ಕೈಗೆ ಸಿಕ್ಕ ಭಾರವಾದ ವಸ್ತು ಇಟ್ಟು, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಬೇಕು. ಪ್ರತಿ ಪದರಕ್ಕೂ ಹೀಗೆಯೇ. ಒಳಪದರದ ಚೂರುಗಳನ್ನು ಇಟ್ಟಿಗೆ ಕಟ್ಟಿದಂತೆ ಸಂದಿಯ ಮೇಲೆ ತುಂಡು ಬರುವ ಹಾಗೆ ಜೋಡಿಸಿ, ಮೇಲಿನ ಸೀರೆ ಹೊದಿಸಿ, ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬೇಕು. ಅವಸರದವರು ಬಿಟ್ಟುಬಿಡುವುದು ಇದನ್ನೇ.

ಅದರ ಬೆಲೆ ಗೊತ್ತಾಗುವುದು ಕೊನೆಗೆ. ಕೌದಿಯನ್ನು ಹೊರ ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ತರುವುದು ರೂಢಿ. ಇದಕ್ಕೆ ಕಾರಣವೂ ಇದೆ: ಅಂಚು ಮುಚ್ಚಿದರೆ ಒಳಗಿನ ಚೂರುಗಳು ಹೊರಗೆ ಇಣುಕುವುದಿಲ್ಲ, ಜೊತೆಗೆ ನಾಲ್ಕು ಮಗ್ಗುಲಿಗೆ ನಾಲ್ವರು ಕೂತು ಏಕಕಾಲಕ್ಕೆ ಹೊಲಿಯಬಹುದು. ಆದರೆ ಪ್ರತಿ ಸಾಲೂ ಬಟ್ಟೆಯನ್ನು ಚೂರು ಚೂರೇ ಒಳಕ್ಕೆ ತಳ್ಳುತ್ತದೆ. ಒಬ್ಬರು ಬಿಗಿಯಾಗಿ ಎಳೆದು, ಎದುರಿನವರು ಸಡಿಲ ಬಿಟ್ಟರೆ ಇನ್ನೂ ಬೇಗ. ಆ ಸಡಿಲವೆಲ್ಲ ನಡುವೆ ಬಂದು ಗುಡ್ಡೆಯಾಗಿ, ಕೌದಿಗೆ ಬೊಜ್ಜು ಬರುತ್ತದೆ. ಆಗ ಎದುರು ಮಗ್ಗುಲಿನಿಂದ ಕೂಗು ಬರುತ್ತದೆ: "ಯಕ್ಕಾ, ಹಂಗ ಜಗ್ಗಬ್ಯಾಡ, ಹೊಟ್ಟಿ ಬರಾಕತ್ತೈತಿ ನೋಡು!" ಯಕ್ಕ ಒಮ್ಮೆ ತನ್ನ ಹೊಟ್ಟೆ ನೋಡಿಕೊಂಡು ಆಮೇಲೆ ಕೌದಿ ನೋಡುತ್ತಾಳೆ.

ಒಂದು ಸಣ್ಣ ಲೆಕ್ಕ. ಒಂಟಿ ಕೌದಿಗೆ ಅಂಗುಲಕ್ಕೊಂದು ಸಾಲು ಹಿಡಿದರೆ ಹೊಲಿಗೆಯ ಒಟ್ಟು ಉದ್ದ 270 ಅಡಿ. ಅಂಗುಲಕ್ಕೆ 4 ಹೊಲಿಗೆ ಎಂದರೆ ಹತ್ತಿರ ಹತ್ತಿರ 13,000 ಸಲ ಸೂಜಿ ಏಳಬೇಕು, ಇಳಿಯಬೇಕು. ಒಬ್ಬರೇ ಕೂತರೆ ಇದು ಜೈಲು ಶಿಕ್ಷೆ. ನಾಲ್ವರು ಕೂತರೆ ಊರಿನ ಸುದ್ದಿ ಮುಗಿಯುವಷ್ಟರಲ್ಲಿ ಮುಗಿಯುತ್ತದೆ. ಬೇಸಗೆಯಲ್ಲಿ ಕೂರುವುದು ಒಳ್ಳೆಯದು, ಸೂಜಿಯ ಕಣ್ಣು ಕಾಣುವಷ್ಟು ಬೆಳಕಿರುತ್ತದೆ, ಒಗೆದದ್ದು ಅಂದೇ ಒಣಗುತ್ತದೆ. ಪುರುಸೊತ್ತಿಲ್ಲದ ಮನೆಗಳಿಗೆ ಉತ್ತರ ಕರ್ನಾಟಕದಲ್ಲಿ ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳು ಬಂದು ಕೂಲಿಗೆ ಹೊಲಿದುಕೊಡುವುದುಂಟು. ಅವರ ಸಾಲು ನೋಡಿದರೆ ಅಡಿಪಟ್ಟಿ ಇಟ್ಟು ಎಳೆದಂತೆ. ಅಡಿಪಟ್ಟಿ ಮಾತ್ರ ಎಲ್ಲೂ ಕಾಣುವುದಿಲ್ಲ, ಎಡಗೈಯ ಎರಡು ಬೆರಳೇ ಅಳತೆ.

ಸಿದ್ದಿ ಹೆಂಗಸರ ಕವಂದ್‌ನಲ್ಲಿ ಹೊಲಿಗೆಗಿಂತ ಮೊದಲು ಕಣ್ಣಿಗೆ ಬೀಳುವುದು ಮೇಲಿನ ತೇಪೆಗಳ ಬಣ್ಣ. ಕೆಂಪಿನ ಪಕ್ಕ ಹಳದಿ, ಅದರ ಪಕ್ಕ ಹೂವಿನ ಲಂಗದ ತುಂಡು. ನಾಲ್ಕು ಮೂಲೆಯಲ್ಲಿ ತ್ರಿಕೋನಾಕಾರದ ಮಡಿಕೆಗಳನ್ನು ಒಂದರ ಮೇಲೊಂದು ಕೂರಿಸಿ ಹೊಲಿಯುತ್ತಾರೆ, ಅದು ಫೂಲ್, ಅಂದರೆ ಹೂವು. ಮೂಲೆಯಲ್ಲಿ ಫೂಲ್ ಇಲ್ಲದ ಕವಂದ್ ಬೆತ್ತಲೆ ಎಂಬುದು ಅವರ ಮಾತು. ಹೊದಿಸುವ ವಸ್ತುವಿಗೇ ಬಟ್ಟೆ ಸಾಲದು ಎನ್ನುವ ಈ ಶಿಸ್ತು ನಮಗಂತೂ ತುಂಬ ಹಿಡಿಸಿತು.

ಈ ಇಡೀ ವ್ಯವಸ್ಥೆಗೆ ಕಲ್ಲು ಹಾಕಿದ್ದು ಪಾಲಿಯೆಸ್ಟರ್. ಸಿಂಥೆಟಿಕ್ ಸೀರೆ ಹರಿಯುವುದೇ ಇಲ್ಲ, ಆದ್ದರಿಂದ ಹಿಂಬಡ್ತಿಯೂ ಇಲ್ಲ, ಬಡ್ತಿಯೂ ಇಲ್ಲ; ಬೀರುವಿನಲ್ಲಿ ಹಾಗೆಯೇ ಕೂತಿರುತ್ತದೆ. ನೀರು ಹೀರದ್ದರಿಂದ ನೆಲ ಒರೆಸಲು ಬಾರದು, ಕರಗಿ ಹೊಗೆಯಾಡುವುದರಿಂದ ಬತ್ತಿಗೂ ಬಾರದು. ಹತ್ತಿಯ ಜೊತೆ ಕೌದಿಗೆ ಸೇರಿಸಿದರೆ ಒಗೆದಾಗ ಹತ್ತಿ ಕುಗ್ಗುತ್ತದೆ, ಅದು ಕುಗ್ಗುವುದಿಲ್ಲ, ಕೌದಿ ಮುದುಡಿಕೊಳ್ಳುತ್ತದೆ. ಪೂರ್ತಿ ಸಿಂಥೆಟಿಕ್‌ನದೇ ಹೊಲಿದರೆ ಹೊಲಿಯುವಾಗ ಜಾರುತ್ತದೆ, ಹೊದ್ದರೆ ಬೆವರುತ್ತದೆ. ಅದಕ್ಕೆ ಸಿಗುವ ಒಳ್ಳೆಯ ಕೆಲಸ ಸಂತೆ ಚೀಲ: ಸೀರೆಯನ್ನು 4 ಪದರ ಮಾಡಿ, ಹಿಡಿಯ ಬುಡದಲ್ಲಿ ಚೌಕ ಹೊಲಿಗೆ ಹಾಕಿ ಅದರೊಳಗೆ ಗುಣಿಸು ಚಿಹ್ನೆಯಂತೆ ಹೊಲಿದರೆ ಐದು ಕೆಜಿ ಈರುಳ್ಳಿ ತಡೆಯುತ್ತದೆ.

ಪೇಟೆಯಲ್ಲಿ ಈಗ ಜನ ಕೂಡಿ ಕೂರುವುದು ಬೇರೆ ಹೆಸರಲ್ಲಿ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದ ರಿಪೇರಿ ಕೆಫೆ 2015ರಲ್ಲಿ ಬೆಂಗಳೂರಿಗೂ ಬಂತು. ಮಿಕ್ಸಿ, ಫ್ಯಾನಿನ ಜೊತೆ ಬಟ್ಟೆಯೂ ಅಲ್ಲಿ ರಿಪೇರಿಗೆ ಬರುತ್ತದೆ. ಇಂಥ ಕೂಟ ನಿಮ್ಮ ಬೀದಿಯಲ್ಲೇ ನಡೆಸುವುದಾದರೆ ಒಗೆಯದ ಬಟ್ಟೆ ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿಬಿಡಿ, ಮುಲಾಜು ಬೇಡ. ಮೆಷಿನ್ನಿಗೆ ಸಾಮಾನ್ಯ ಹತ್ತಿಗಾದರೆ 14 ನಂಬರ್ ಸೂಜಿ, ಜೀನ್ಸಿಗೆ 16. ಹೆಚ್ಚಾಗಿ ಬರುವುದು ತೊಡೆಯ ಒಳಮಗ್ಗುಲು ಸವೆದ ಜೀನ್ಸೇ. ತೂತು ಬೀಳುವ ತನಕ ಕಾಯದೆ, ನೀಲಿ ಹೋಗಿ ಬಿಳಿ ಎಳೆ ಕಂಡ ಕೂಡಲೇ ತಂದರೆ ಕೆಲಸ ಹಗುರ. ತೇಪೆ ಹಳೆ ಜೀನ್ಸಿನದೇ ಆಗಿರಬೇಕು. ಹೊಸ ಗಟ್ಟಿ ಬಟ್ಟೆ ಹಾಕಿದರೆ ತೇಪೆ ನಿಲ್ಲುತ್ತದೆ, ಅದರ ಸುತ್ತಲಿನದು ಹರಿಯುತ್ತದೆ. ಸವೆದ ಜಾಗಕ್ಕಿಂತ ಎಲ್ಲ ಕಡೆ ಒಂದೂವರೆ ಅಂಗುಲ ದೊಡ್ಡದಾಗಿ ಕತ್ತರಿಸಿ, ಮೂಲೆಗಳನ್ನು ದುಂಡು ಮಾಡಿ, ಒಳಗಿನಿಂದ ಇಟ್ಟು ಹೊಲಿಯಿರಿ. ಚೂಪು ಮೂಲೆ ನಡೆಯುವಾಗ ಉಜ್ಜಿ ಉಜ್ಜಿ ಎದ್ದುಬರುತ್ತದೆ.

ಗಂಡಸರು ಸಾಮಾನ್ಯವಾಗಿ ಒಂದು ಗುಂಡಿ ಕಿತ್ತ ಶರ್ಟ್ ಹಿಡಿದು, ಯಾರಾದರೂ ಇಸಿದುಕೊಳ್ಳಲಿ ಎಂಬ ಮುಖ ಮಾಡಿ ನಿಲ್ಲುತ್ತಾರೆ. ಇಸಿದುಕೊಳ್ಳಬೇಡಿ, ಕೂರಿಸಿ. ಗುಂಡಿಗೂ ಬಟ್ಟೆಗೂ ನಡುವೆ ಒಂದು ಬೆಂಕಿಕಡ್ಡಿ ಇಟ್ಟು, ನಾಲ್ಕೈದು ಸಲ ಸೂಜಿ ಹಾಯಿಸಿ, ಕಡ್ಡಿ ಎಳೆದು, ಸಡಿಲವಾದ ದಾರದ ಕೊರಳಿಗೆ 3 ಸುತ್ತು ಬಿಗಿಯುವುದು ಐದು ನಿಮಿಷದ ವಿದ್ಯೆ. ಆ ಕೊರಳಿಲ್ಲದೆ ಒತ್ತಾಗಿ ಹೊಲಿದ ಗುಂಡಿ ದಪ್ಪ ಕಾಜಕ್ಕೆ ಹಾಕಿದಾಗಲೆಲ್ಲ ಎಳೆದುಕೊಂಡು ಮತ್ತೆ ಕಿತ್ತುಬರುತ್ತದೆ. ಇಡೀ ದಿನದಲ್ಲಿ ರಿಪೇರಿಗೂ ಒಪ್ಪದ ಬಟ್ಟೆಗಳ ಒಂದು ಗಂಟು ಉಳಿದೇ ಉಳಿಯುತ್ತದೆ. ಅದರಲ್ಲಿ ಹತ್ತಿಯನ್ನು ಆರಿಸಿಟ್ಟುಕೊಂಡರೆ ಮುಂದಿನ ಕೌದಿಗೆ ಒಳಪದರ ಸಿಕ್ಕಿತು.

ಆ ಕೌದಿ ಮುಗಿದ ಮೇಲೆ ಒಗೆಯುವುದಕ್ಕೂ ಒಂದು ಕ್ರಮ ಇದೆ. ನೀರು ಕುಡಿದ ಕೌದಿ ಒಬ್ಬರು ಎತ್ತುವ ಭಾರವಲ್ಲ; ಕಾಲಲ್ಲಿ ತುಳಿದು ಒಗೆದು, ಇಬ್ಬರು ಎದುರುಬದುರು ನಿಂತು ಹಿಂಡಬೇಕು. ತಂತಿಗೆ ಒಂದೇ ಅಂಚು ಹಿಡಿದು ನೇತುಹಾಕಿದರೆ ಭಾರಕ್ಕೆ ಹೊಲಿಗೆ ಪಟಪಟನೆ ಕಿತ್ತುಹೋಗುತ್ತವೆ. ಕಾಂಪೌಂಡ್ ಗೋಡೆಯ ಮೇಲೆ ಅಗಲವಾಗಿ ಹರಡಿ.

ಹೊಲಿಗೆ ಸುತ್ತಿ ಸುತ್ತಿ ಬಂದು ಕಡೆಗೆ ನಡುವೆ ಅಂಗೈಯಷ್ಟು ಜಾಗ ಉಳಿಯುತ್ತದಲ್ಲ, ಅದೇ ಕೌದಿಯ ಹೊಟ್ಟೆ. ಕೆಲವು ಮನೆಗಳಲ್ಲಿ ಅದನ್ನು ಬರಿದಾಗಿ ಮುಚ್ಚುವುದಿಲ್ಲ. ಇಷ್ಟು ಜನರನ್ನು ಹೊತ್ತು ಮಲಗಿಸಬೇಕಾದದ್ದು ಹಸಿದಿರಬಾರದೆಂದು ಒಂದು ಚೂರು ಚಪಾತಿಯನ್ನೋ ನಾಲ್ಕು ಕಾಳು ಅಕ್ಕಿಯನ್ನೋ ಒಳಗಿಟ್ಟು ಹೊಲಿದುಬಿಡುತ್ತಾರೆ. ಅಕ್ಕಿಯಾದರೆ ನಾಲ್ಕೇ ಕಾಳು, ಹೆಚ್ಚಾದರೆ ಮಗ್ಗುಲು ಬದಲಿಸಿದಾಗ ಬೆನ್ನಿಗೆ ಒತ್ತುತ್ತದೆ. ಚಪಾತಿಯಾದರೆ ಹಿಂದಿನ ದಿನದ್ದು, ಒಣಗಿದ್ದು, ಎಣ್ಣೆ ಸವರದ್ದು ಇರಲಿ. ಎಣ್ಣೆಯ ಕಲೆ ಆರೂ ಪದರ ದಾಟಿ ಮೇಲೆ ಬರುತ್ತದೆ, ಇರುವೆ ಅದರ ಹಿಂದೆಯೇ.